ಅನಾನಸು ಪೈ ನೀರು ಬಿಡುವುದೇಕೆ?

ಪ್ರಶ್ನೆ: ಪೈಗೆಂದು ಒಲೆಯ ಮೇಲೆ ಅನಾನಸಿನ ಹೂರಣ ಮಾಡಿದರೆ ಬಿಸಿಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಮರುದಿನ ಪೈ ಕೊಯ್ದರೆ ತಟ್ಟೆ ತುಂಬ ನೀರು. ಅಳತೆ ಸಹಿತ ತಿಳಿಸುವಿರಾ?
— ಓದುಗರು, ಬಿಜೈ, ಮಂಗಳೂರು

ಉತ್ತರ: ಕಾರ್ನ್‌ಫ್ಲೋರ್ ಅರೆಬೆಂದಿದ್ದರೆ ಹೀಗಾಗುತ್ತದೆ. ಅದರ ಕಣಗಳು 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನೀರು ಹೀರಿ ಉಬ್ಬತೊಡಗುತ್ತವೆ. ಪೂರ್ತಿ ಹದ ಬರುವುದು ಮಾತ್ರ ಕುದಿಯುವ ಹೊತ್ತಿಗೆ. ಸಕ್ಕರೆ ಹೆಚ್ಚಿದ್ದಷ್ಟೂ ಇನ್ನೂ ತಡ, ಏಕೆಂದರೆ ಸಕ್ಕರೆಯೂ ಅದೇ ನೀರನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಕಾರಣ, ಹೋಳು ಹಸಿಯಾಗಿ ಉಳಿದು ಓವನ್ನಿನಲ್ಲಿ ಮತ್ತೆ ರಸ ಬಿಡುವುದು. ಹಾಗಾಗಿ ಹಣ್ಣನ್ನು ಬೇರೆ ಬೇಯಿಸಿ, ರಸವನ್ನು ಬೇರೆ ಗಟ್ಟಿ ಮಾಡಿ.

ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದು ಅರ್ಧ ಇಂಚಿಗೆ ಹೆಚ್ಚಿದ ಅನಾನಸು 500 ಗ್ರಾಂ ಇರಲಿ. 100 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಿ. ಬಿಟ್ಟ ರಸದ ಸಮೇತ ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 8–10 ನಿಮಿಷ ಬೇಯಿಸಿ. ಅಲ್ಯೂಮಿನಿಯಂ, ಕಬ್ಬಿಣ ಬೇಡ, ಹುಳಿಗೆ ಬಣ್ಣವೂ ರುಚಿಯೂ ಕೆಡುತ್ತದೆ. ನಂತರ ಹೋಳುಗಳನ್ನು ಸೋಸಿ ತೆಗೆದಿಡಿ. ಉಳಿದ ರಸ 200 ಮಿ.ಲೀ. ಇರಬೇಕು. ಕಡಿಮೆಯಿದ್ದರೆ ನೀರು ಸೇರಿಸಿ, ಹೆಚ್ಚಿದ್ದರೆ ಕುದಿಸಿ ಬತ್ತಿಸಿ.

20 ಗ್ರಾಂ, ಅಂದರೆ ಎರಡೂವರೆ ಟೇಬಲ್ ಚಮಚ ಕಾರ್ನ್‌ಫ್ಲೋರನ್ನು 50 ಮಿ.ಲೀ. ತಣ್ಣೀರಿನಲ್ಲಿ ಕದಡಿ. ಬಿಸಿ ರಸಕ್ಕೆ ಒಣ ಹುಡಿ ಉದುರಿಸಿದರೆ ಗಂಟು ಕಟ್ಟುವುದು ಖಂಡಿತ. ಅಡಿಗಿಳಿದ ಹಿಟ್ಟನ್ನು ಮತ್ತೊಮ್ಮೆ ಕದಡಿ, ಕುದಿಯುವ ರಸಕ್ಕೆ ಸಣ್ಣ ಧಾರೆಯಾಗಿ ಸುರಿಯುತ್ತ ಕೈಯಾಡಿಸಿ. ಹಾಲಿನಂತಿದ್ದ ರಸ ಪಾರದರ್ಶಕವಾಗಬೇಕು. ದಪ್ಪ ಗುಳ್ಳೆ ಏಳಲು ಶುರುವಾದ ಮೇಲೆ ಒಂದೆರಡು ನಿಮಿಷ ಸಾಕು. ಆಮೇಲೂ ಜೋರಾಗಿ ತಿರುವುತ್ತಿದ್ದರೆ ಉಬ್ಬಿದ ಕಣಗಳು ಒಡೆದು ಮತ್ತೆ ತೆಳ್ಳಗಾಗುತ್ತದೆ. ಉರಿ ಆರಿಸಿ, ಹೋಳು, ಒಂದು ಚಮಚ ಬೆಣ್ಣೆ, ಒಂದು ಟೇಬಲ್ ಚಮಚ ಲಿಂಬೆರಸ ಸೇರಿಸಿ. ಲಿಂಬೆಯನ್ನು ಮೊದಲೇ ಹಾಕಿ ಕುದಿಸಿದರೆ ಹುಳಿ ಪಿಷ್ಟವನ್ನು ಒಡೆಯುತ್ತದೆ. ರುಚಿ ನೋಡಿದ ಚಮಚವನ್ನು ಪಾತ್ರೆಗೆ ಮರಳಿ ಹಾಕಲೇಬೇಡಿ: ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಕರಗಿಸುತ್ತದೆ. ಪೂರ್ತಿ ತಣಿದ ಮೇಲಷ್ಟೇ ಪೈಗೆ ತುಂಬಿ. ಬಿಸಿ ಹೂರಣದಿಂದ ಹಿಟ್ಟಿನಲ್ಲಿರುವ ಬೆಣ್ಣೆ ಕರಗಿ ತಳ ಮೆತ್ತಗಾಗುತ್ತದೆ.

ಪ್ರಶ್ನೆ: ಮನೆಯಲ್ಲಿ ಕೂವೆ (ಆರಾರೂಟ್) ಹುಡಿ ಇದೆ. ಅದನ್ನೇ ಬಳಸಬಹುದೇ?
— ಓದುಗರು, ಕುಂದಾಪುರ

ಉತ್ತರ: ಬಳಸಬಹುದು, ತೂಕ ಅಷ್ಟೇ. ಹೊಳಪು ಕಾರ್ನ್‌ಫ್ಲೋರಿಗಿಂತ ಚೆನ್ನಾಗಿ ಬರುತ್ತದೆ, ಹಿಟ್ಟಿನ ವಾಸನೆಯೂ ಇಲ್ಲ. ಆದರೆ ಕೂವೆ ಹೆಚ್ಚು ಹೊತ್ತಿನ ಕುದಿ ತಾಳುವುದಿಲ್ಲ. ಗಟ್ಟಿಯಾದ ಕೂಡಲೇ ಇಳಿಸಬೇಕು. ಮೊದಲೇ ಬೇಯಿಸಿಟ್ಟ ಪೈ ತಳಕ್ಕೆ ತುಂಬುವುದಾದರೆ ಕೂವೆಯೇ ಉತ್ತಮ. ತುಂಬಿದ ಮೇಲೆ ಮತ್ತೆ ಓವನ್ನಿಗೆ ಇಡುವುದಿದ್ದರೆ ಕಾರ್ನ್‌ಫ್ಲೋರ್ ವಾಸಿ. ಹಾಲು, ಕೆನೆ ಸೇರುವ ಹೂರಣಕ್ಕೆ ಕೂವೆ ಬೇಡ, ಲೋಳೆಯಾಗುತ್ತದೆ.

ಪ್ರಶ್ನೆ: ಮಾವು, ಹಲಸಿಗೂ ಇದೇ ಅಳತೆಯೇ?
— ಓದುಗರು, ಕಾಪು

ಉತ್ತರ: ಅಲ್ಲ. ಮುಂಡಪ್ಪದಂಥ ಮಾವನ್ನು ಒತ್ತಿದರೆ ತುಸುವೇ ಬಗ್ಗುವ ಹದದಲ್ಲಿ ಆರಿಸಿ, ಎರಡೇ ನಿಮಿಷ ಬೇಯಿಸಿ. ಸಿಹಿ ಹಣ್ಣಿಗೆ ಸಕ್ಕರೆ 50–60 ಗ್ರಾಂ ಸಾಕು, ಲಿಂಬೆರಸ ಒಂದೂವರೆ ಟೇಬಲ್ ಚಮಚ ಬೇಕು. ಹಲಸಾದರೆ ಗಟ್ಟಿ ಸೊಳೆಯ ಬಕ್ಕೆಯೇ ಆಗಬೇಕು. ಮೆತ್ತನೆ ಸೊಳೆಯ ತುಳುವ ಹಲಸಿನ ನಾರು ಬಾಯಿಗೆ ಸಿಗುತ್ತದೆ. ಬಕ್ಕೆ ಸ್ವತಃ ರಸ ಬಿಡುವುದು ಕಡಿಮೆಯಾದ್ದರಿಂದ 200 ಮಿ.ಲೀ. ತುಂಬಿಸಲು ನೀರು ಹೆಚ್ಚು ಬೇಕಾಗುತ್ತದೆ.

ಪ್ರಶ್ನೆ: ಹಸಿ ಅನಾನಸನ್ನು ಹಾಲಿನ ಕಸ್ಟರ್ಡಿಗೆ ಬೆರೆಸಿದರೆ ಕಹಿಯಾಗುತ್ತದಲ್ಲ?
— ಓದುಗರು, ಮಣಿಪಾಲ

ಉತ್ತರ: ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಹಾಗಾಗುತ್ತದೆ. ಹಣ್ಣನ್ನು ಚೆನ್ನಾಗಿ ಕುದಿಸಿದರೆ ಅದು ನಿಷ್ಕ್ರಿಯ. ಬೇಯಿಸಿ, ತಣಿಸಿ ಬೆರೆಸಿ.

ಪ್ರಶ್ನೆ: ಹೂರಣ ಎಷ್ಟು ದಿನ ಇಡಬಹುದು?
— ಓದುಗರು, ಮೂಲ್ಕಿ

ಉತ್ತರ: ಮುಚ್ಚಿ ಫ್ರಿಜ್ಜಿನಲ್ಲಿ ಮೂರು ದಿನ. ನಮ್ಮ ಕರಾವಳಿಯ ಸೆಕೆಯಲ್ಲಿ ಹೊರಗಿಡಬೇಡಿ. ಕಾರ್ನ್‌ಫ್ಲೋರ್ ಹಾಕಿದ್ದನ್ನು ಫ್ರೀಜರಿನಲ್ಲಿಟ್ಟರೆ ಕರಗುವಾಗ ನೀರು ಬಿಟ್ಟು ಸ್ಪಂಜಿನಂತಾಗುತ್ತದೆ. ಬೆಂದ ಹೋಳು ಮತ್ತು ರಸವನ್ನಷ್ಟೇ ಫ್ರೀಜ್ ಮಾಡಿ, ಪೈ ಮಾಡುವ ದಿನ ರಸ ಸೋಸಿ ಕುದಿಸಿ ಗಟ್ಟಿ ಮಾಡಿಕೊಳ್ಳಿ.