ಓದುಗರ ಪ್ರಶ್ನೆ: ಎತ್ತರಕ್ಕೊಂದು ಪಂಚಾಂಗ

ಪ್ರಶ್ನೆ: ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಮೋಡಗಳಿಗೂ ಮೇಲೆ ಇಂಥ ಋತುಚಕ್ರ ಉಂಟೇ?
– ಓದುಗರು, ಸಾಗರ

ಉಂಟು, ಆದರೆ ಮೇಲೇರಿದಂತೆ ಪಂಚಾಂಗವೇ ಬೇರೆಯಾಗುತ್ತದೆ. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ 14–16 ಕಿ.ಮೀ. ಎತ್ತರದಲ್ಲಿ ಮೂಡಣ ಗಾಳಿಯ ಜೆಟ್, ಅಂದರೆ ರಭಸದ ಕಿರಿದಾದ ಗಾಳಿಹೊಳೆ, ಹರಿಯುತ್ತದೆ. ವೇಗ ಗಂಟೆಗೆ 100 ಕಿ.ಮೀ. ದಾಟುವುದು ಸಾಮಾನ್ಯ. ಇದು ವರ್ಷಕ್ಕೊಮ್ಮೆ ಬಂದುಹೋಗುವ ಗಾಳಿ.

17 ಕಿ.ಮೀ. ಹತ್ತಿರ ಉಷ್ಣಾಂಶ ಮೈನಸ್ 80 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಲ್ಲಿ ಡಿಸೆಂಬರ್–ಫೆಬ್ರವರಿ ಅತಿ ತಂಪು, ಜುಲೈ–ಆಗಸ್ಟ್ ಕೆಲವು ಡಿಗ್ರಿ ಬೆಚ್ಚಗೆ. ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಹೀಗೆ ಎಂದುಕೊಂಡರೆ ತಪ್ಪು. ಉತ್ತರಾರ್ಧಗೋಳದ ಚಳಿಗಾಲದಲ್ಲಿ ಪರ್ವತಗಳು, ಭೂಖಂಡಗಳು ಗಾಳಿಯಲ್ಲಿ ಎಬ್ಬಿಸುವ ಭಾರಿ ಅಲೆಗಳು ಮೇಲೆ ಒಡೆದು ಗಾಳಿಯನ್ನು ಧ್ರುವದತ್ತ ಎಳೆಯುತ್ತವೆ. ಆ ಜಾಗ ತುಂಬಲು ಉಷ್ಣವಲಯದ ಗಾಳಿ ಏರುತ್ತದೆ, ಹಿಗ್ಗುತ್ತದೆ, ತಣಿಯುತ್ತದೆ.

20–35 ಕಿ.ಮೀ.ನಲ್ಲಿ ವರ್ಷದ ಲೆಕ್ಕವೇ ನಡೆಯುವುದಿಲ್ಲ. ಸಮಭಾಜಕದ ಮೇಲೆ ಮೂಡಣ ಗಾಳಿ, ಪಡುವಣ ಗಾಳಿ ಸರದಿಯಲ್ಲಿ ಬರುತ್ತವೆ. ಒಂದು ಸುತ್ತಿಗೆ ಸರಾಸರಿ 28 ತಿಂಗಳು. ಪ್ರತಿ ಸರದಿಯೂ ಮೇಲಿನಿಂದ ತಿಂಗಳಿಗೆ ಸುಮಾರು ಒಂದು ಕಿ.ಮೀ. ಇಳಿಯುತ್ತದೆ. ಗುಡುಗು ಮೋಡಗಳಿಂದ ಏಳುವ ಅಲೆಗಳೇ ಇದರ ಚಾಲಕಶಕ್ತಿ. 2015–16ರಲ್ಲಿ ಈ ಕ್ರಮ ದಾರಿ ತಪ್ಪಿತು, 2019–20ರಲ್ಲಿ ಮತ್ತೆ.

50 ಕಿ.ಮೀ.ನಲ್ಲಿ ಆರು ತಿಂಗಳ ಚಕ್ರ: ಏಪ್ರಿಲ್, ಅಕ್ಟೋಬರ್ ಸುಮಾರಿಗೆ ಪಡುವಣ ಗಾಳಿ; ಜನವರಿ, ಜುಲೈಯಲ್ಲಿ ಮೂಡಣ ಗಾಳಿ. ಜನವರಿಯದ್ದೇ ಜೋರು. 80 ಕಿ.ಮೀ. ಹೊತ್ತಿಗೆ ಇದೂ ತಿರುವುಮುರುವು.

ಪ್ರಶ್ನೆ: ಸಿಂಗಪುರದ ಬಲೂನು ದತ್ತಾಂಶದಿಂದ 24 ಕಿ.ಮೀ. ಗಾಳಿಯ ಹತ್ತು ವರ್ಷಗಳ ಮಾಸಿಕ ಸರಾಸರಿ ತೆಗೆದೆ. ಬರೀ ಮಂದ ಮೂಡಣ ಗಾಳಿ ಕಾಣುತ್ತಿದೆ. ತಪ್ಪೆಲ್ಲಿ?
– ವಿದ್ಯಾರ್ಥಿನಿ, ಧಾರವಾಡ

ಸರಾಸರಿಯಲ್ಲೇ. 28 ತಿಂಗಳ ಚಕ್ರ 12ರ ಲೆಕ್ಕಕ್ಕೆ ಕೂರುವುದಿಲ್ಲ. ಒಂದು ಜನವರಿ ಪಡುವಣ, ಮುಂದಿನದು ಮೂಡಣ, ಕೂಡಿದರೆ ಎರಡೂ ಅಳಿಸಿಹೋಗುತ್ತವೆ. ಆ ಸರಾಸರಿಯನ್ನು ಬಿಸಾಡಬೇಡಿ, ಆಯಾ ತಿಂಗಳ ಅಳತೆಯಿಂದ ಕಳೆಯಿರಿ. ಉಳಿದದ್ದಕ್ಕೆ ಐದು ತಿಂಗಳ ಚಲಿಸುವ ಸರಾಸರಿ ಹಾಕಿ, ಬೇರೆ ಎತ್ತರಗಳಿಗೂ ಹೀಗೇ ಮಾಡಿ, ಕಾಲವನ್ನು ಅಡ್ಡಕ್ಕೆ, ಎತ್ತರವನ್ನು ಉದ್ದಕ್ಕೆ ಇಟ್ಟು ಬಣ್ಣ ತುಂಬಿ. ಓರೆಯಾಗಿ ಇಳಿಯುವ ಪಟ್ಟೆಗಳು ಎದ್ದುಬರುತ್ತವೆ. ಧನ ಚಿಹ್ನೆ ಎಂದರೆ ಪಡುವಣದಿಂದ ಬರುವ ಗಾಳಿ. ಇಲ್ಲಿ ಎಡವುವವರೇ ಹೆಚ್ಚು.

ಬೆಂಗಳೂರಿನ ದತ್ತಾಂಶದಲ್ಲಿ ಪಟ್ಟೆ ಮಸುಕಾಗಿದ್ದರೆ ಗಾಬರಿ ಬೇಡ: 12 ಡಿಗ್ರಿ ಅಕ್ಷಾಂಶದ ಹೊತ್ತಿಗೆ ಚಕ್ರದ ಬಲ ಅರ್ಧಕ್ಕಿಳಿಯುತ್ತದೆ. ಆರು ತಿಂಗಳ ಚಕ್ರವನ್ನಂತೂ ಇದರಲ್ಲಿ ಹುಡುಕಬೇಡಿ. ಬಲೂನು 30 ಕಿ.ಮೀ. ಆಸುಪಾಸಿನಲ್ಲೇ ಒಡೆಯುತ್ತದೆ. ಅದಕ್ಕೆ ತಿರುವನಂತಪುರ ಬಳಿಯ ತುಂಬಾದ ರಾಕೆಟ್ ಅಳತೆ ಬೇಕು, ಇಲ್ಲವೇ ತಿರುಪತಿ ಬಳಿಯ ಗಾದಂಕಿಯ ಲೈಡಾರ್ (ಲೇಸರ್ ಬೆಳಕು ಹಾಯಿಸಿ ಮೇಲಿನ ಗಾಳಿಯ ಉಷ್ಣಾಂಶ ಅಳೆಯುವ ಸಾಧನ) ಬೇಕು. ಲೈಡಾರ್ ಮೋಡವಿಲ್ಲದ ರಾತ್ರಿಯಲ್ಲಷ್ಟೇ ನಡೆಯುವುದರಿಂದ ಜುಲೈ ಪುಟ ಬಹುತೇಕ ಖಾಲಿ ಇರುತ್ತದೆ.