ಬ್ಲ್ಯಾಕ್‌ಮೋರ್ ಜಾಗದಲ್ಲಿ ನಿಂತವರು ಏನು ನುಡಿಸಬೇಕು?

ಗಿಟಾರ್ ಪ್ರಶ್ನೆಗಳಲ್ಲಿ ಒಂದು ಮಾತ್ರ ಎಷ್ಟು ಸಲ ಉತ್ತರಿಸಿದರೂ ತಿರುಗಿ ತಿರುಗಿ ಬರುತ್ತಿದೆ. ಈ ಸಲ ಅದಕ್ಕೇ ಜಾಸ್ತಿ ಜಾಗ. ಕಾರ್ಡ್ ಹಿಡಿಯುವುದು ಹೇಗೆ, ಟ್ಯೂನ್ ಮಾಡುವುದು ಹೇಗೆ ಅಂತ ಕೇಳಿದವರು ದಯವಿಟ್ಟು ಊರಿನ ಮೇಷ್ಟ್ರ ಹತ್ತಿರ ಹೋಗಿ. ಅದನ್ನು ಓದಿ ಕಲಿಯಲಾಗುವುದಿಲ್ಲ.

ಪ್ರಶ್ನೆ: ನಮ್ಮ ಬ್ಯಾಂಡ್ ಬ್ರಿಟಿಷ್ ರಾಕ್ ತಂಡ ಡೀಪ್ ಪರ್ಪಲ್‌ನ ಹಾಡುಗಳನ್ನು ನುಡಿಸುತ್ತದೆ. ಗಿಟಾರಿಸ್ಟ್ ಕೆಲಸ ಸಿಕ್ಕಿ ಪುಣೆಗೆ ಹೋದ. ಅವನ ಜಾಗಕ್ಕೆ ನಾನು ಬಂದಿದ್ದೇನೆ. ಸೋಲೊಗಳನ್ನು (ಗಿಟಾರ್ ಒಂದೇ ಮುಂದೆ ಬರುವ ಭಾಗಗಳನ್ನು) ರೆಕಾರ್ಡಿನಲ್ಲಿ ಇದ್ದ ಹಾಗೇ ನುಡಿಸು, ಆ ತಂಡಕ್ಕೆ ಆಮೇಲೆ ಬಂದ ಸ್ಟೀವ್ ಮೋರ್ಸ್ ಥರ ಕೆಡಿಸಬೇಡ ಅಂತಾರೆ ಗೆಳೆಯರು. ಏನು ಮಾಡಲಿ? (ಹುಬ್ಬಳ್ಳಿಯ ಓದುಗರು)

ನಿಮ್ಮ ಗೆಳೆಯರನ್ನು ಒಂದು ಮಾತು ಕೇಳಿ: ಯಾವ ರೆಕಾರ್ಡು? 'ಮೆಷೀನ್ ಹೆಡ್' ಆಲ್ಬಂ ಬಂದದ್ದು 1972ರ ಮಾರ್ಚಿನಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಒಸಾಕಾದಲ್ಲಿ ಎರಡು ರಾತ್ರಿ, ಟೋಕಿಯೊದಲ್ಲಿ ಒಂದು ರಾತ್ರಿ ನುಡಿಸಿದ್ದನ್ನು 'ಮೇಡ್ ಇನ್ ಜಪಾನ್' ಅಂತ ಹೊರತಂದರು. ಎರಡರಲ್ಲೂ 'ಸ್ಮೋಕ್ ಆನ್ ದ ವಾಟರ್' ಇದೆ. ಸೋಲೊ ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಒಂದೇ ಅಲ್ಲ! ಕೆಲವೇ ತಿಂಗಳಲ್ಲಿ ತಂಡದ ಮೊದಲ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಅವರೇ ಬದಲಾಯಿಸಿದ್ದಾರೆ. ಆ ಮೂರು ರಾತ್ರಿಗಳನ್ನು ಹೋಲಿಸಿದರೂ ವ್ಯತ್ಯಾಸ ಸಿಗುತ್ತದೆ. ಅವರು ಮಾಡಿದರೆ ಪ್ರತಿಭೆ, ಮೋರ್ಸ್ ಮಾಡಿದರೆ ಕೆಡಿಸಿದ ಹಾಗೆ, ಇದು ಯಾವ ನ್ಯಾಯ?

ಬ್ಲ್ಯಾಕ್‌ಮೋರ್ 1993ರ ನವೆಂಬರಿನಲ್ಲಿ ಪ್ರವಾಸದ ನಡುವೆಯೇ ತಂಡ ಬಿಟ್ಟರು. ಡಿಸೆಂಬರಿನ ಜಪಾನ್ ಕಾರ್ಯಕ್ರಮಗಳಿಗೆ ಜೋ ಸಾಟ್ರಿಯಾನಿ ಬಂದು ನಿಂತರು, ಮುಂದಿನ ಬೇಸಿಗೆಯ ಯುರೋಪ್ ಪ್ರವಾಸವನ್ನೂ ಮುಗಿಸಿಕೊಟ್ಟರು. 1994ರಲ್ಲೇ ಮೋರ್ಸ್ ಸೇರಿದರು. 2022ರಲ್ಲಿ ಪತ್ನಿಯ ಕಾಯಿಲೆಯ ಕಾರಣಕ್ಕೆ ಬಿಡುವವರೆಗೂ ಇದ್ದರು. ಬ್ಲ್ಯಾಕ್‌ಮೋರ್ ಅವರ ಎರಡೂ ಅವಧಿಗಳನ್ನು, ಅಂದರೆ 1968ರಿಂದ 75 ಮತ್ತು 1984ರಿಂದ 93, ಕೂಡಿಸಿದರೂ ಮೋರ್ಸ್ ಅವರ 28 ವರ್ಷಕ್ಕೆ ಸಮ ಆಗುವುದಿಲ್ಲ. ಅಷ್ಟು ವರ್ಷ ಇನ್ನೊಬ್ಬರ ಸೋಲೊವನ್ನು ಸ್ವರ ತಪ್ಪದೆ ಒಪ್ಪಿಸುತ್ತಾ ಇರಬೇಕಿತ್ತು ಅನ್ನುವವರು ಸಂಗೀತಗಾರರ ಬಗ್ಗೆ ಯೋಚಿಸಿಯೇ ಇಲ್ಲ.

ಹಾಗಂತ ಮನಸ್ಸಿಗೆ ಬಂದದ್ದು ನುಡಿಸಿ ಅಂತ ನಾನು ಹೇಳುತ್ತಿಲ್ಲ. ಅದು ಇದಕ್ಕಿಂತ ದೊಡ್ಡ ತಪ್ಪು. ಕರ್ನಾಟಕ ಸಂಗೀತ ಕೇಳುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕೃತಿಯ ಪಲ್ಲವಿಯನ್ನು ಯಾರೂ ತಿರುಚುವುದಿಲ್ಲ. ಸ್ಥಳದಲ್ಲೇ ಕಟ್ಟಿ ಹಾಡಬೇಕಾದ ಕಲ್ಪನಾಸ್ವರವನ್ನು ಗುರು ಹಾಡಿದ ಹಾಗೇ ಬಾಯಿಪಾಠ ಮಾಡಿ ಒಪ್ಪಿಸಿದರೆ ಸಭೆಯಲ್ಲಿ ಮೆಚ್ಚುವವರೂ ಇಲ್ಲ. ಪರ್ಪಲ್ ಹಾಡುಗಳಲ್ಲೂ ಕಟ್ಟಿಟ್ಟದ್ದು ಒಂದಿದೆ, ಬಿಟ್ಟುಕೊಟ್ಟದ್ದು ಒಂದಿದೆ. ಹೊಸಬರ ಮೊದಲ ಕೆಲಸ ಎರಡನ್ನೂ ಬೇರೆ ಮಾಡಿಕೊಳ್ಳುವುದು.

'ಸ್ಮೋಕ್' ಹಾಡಿನ ರಿಫ್, ಅಂದರೆ ತಿರುಗಿ ತಿರುಗಿ ಬರುವ ಆ ಚಿಕ್ಕ ಗಿಟಾರ್ ಸಾಲು, ಕಟ್ಟಿಟ್ಟದ್ದು. ಅದನ್ನೇ ಬಹಳ ಜನ ತಪ್ಪಾಗಿ ನುಡಿಸುತ್ತಾರೆ, ಆಮೇಲೆ ಮೋರ್ಸ್ ಮೇಲೆ ತೀರ್ಪು ಕೊಡುತ್ತಾರೆ. ನೆಟ್‌ನಲ್ಲಿ ಸಿಗುವ ಎಷ್ಟೋ ಟ್ಯಾಬುಗಳಲ್ಲಿ (ಯಾವ ತಂತಿ, ಯಾವ ಫ್ರೆಟ್ ಅಂತ ತೋರಿಸುವ ಬರಹ) ಅದು ಒಂಟಿ ತಂತಿಯ ಮೇಲಿದೆ, ಇಲ್ಲವೇ ದಪ್ಪ ತಂತಿಗಳ ಪವರ್ ಕಾರ್ಡ್ ಆಗಿದೆ. ಎರಡೂ ಬೇಡ. ನಾಲ್ಕನೇ ಮತ್ತು ಮೂರನೇ ತಂತಿ, ಅಂದರೆ ಡಿ ಮತ್ತು ಜಿ, ಎರಡೂ ಒಟ್ಟಿಗೆ. ಮೊದಲು ಖಾಲಿ, ಆಮೇಲೆ ಮೂರನೇ ಫ್ರೆಟ್, ಐದನೇ ಫ್ರೆಟ್. ಮತ್ತೆ ಖಾಲಿ, ಮೂರು, ಆರು, ಐದು. ಮತ್ತೆ ಖಾಲಿ, ಮೂರು, ಐದು, ಮೂರು, ಖಾಲಿ. ಅಷ್ಟೇ. ಆದರೆ ತಂತಿ ಮೀಟುವ ಪಿಕ್ ಕೆಳಗಿಡಿ. ಬ್ಲ್ಯಾಕ್‌ಮೋರ್ ಅದನ್ನು ಬೆರಳಿನಲ್ಲಿ ಮೀಟುತ್ತಾರೆ. ಪಿಕ್ ಒಂದು ತಂತಿಯನ್ನು ದಾಟಿ ಇನ್ನೊಂದಕ್ಕೆ ಹೋಗುತ್ತದೆ. ಹೆಬ್ಬೆರಳು ಒಂದು ತಂತಿಗೆ, ತೋರುಬೆರಳು ಇನ್ನೊಂದಕ್ಕೆ ಇಟ್ಟು ಮೀಟಿದರೆ ಎರಡೂ ಸ್ವರ ಒಂದೇ ಕ್ಷಣಕ್ಕೆ ಹೊರಡುತ್ತವೆ. ಇದನ್ನು ಒಂದು ವಾರ ನಿಧಾನಕ್ಕೆ ಮಾಡಿ, ವ್ಯತ್ಯಾಸ ನಿಮ್ಮ ಕಿವಿಗೇ ಗೊತ್ತಾಗುತ್ತದೆ.

'ಹೈವೇ ಸ್ಟಾರ್' ಸೋಲೊ ಇನ್ನೊಂದು ಥರ. ಅದನ್ನು ಬ್ಲ್ಯಾಕ್‌ಮೋರ್ ಮೊದಲೇ ಯೋಚಿಸಿ ಕಟ್ಟಿದ್ದರು. ನಡುವೆ ಬರುವ ಆ ವೇಗದ ಸಾಲುಗಳು ಬಾಖ್ ಸಂಗೀತದ ಕಾರ್ಡ್ ನಡೆಯ ಮೇಲೆ ನಿಂತಿವೆ. ಅದರಲ್ಲಿ ಒಂದು ಸಾಲು ಕಿತ್ತರೂ ಮುಂದಿನದು ನಿಲ್ಲುವುದಿಲ್ಲ. ಮೋರ್ಸ್ ಕೂಡ ಆ ಭಾಗದ ಆಕಾರವನ್ನು ಉಳಿಸಿಕೊಂಡೇ ನುಡಿಸಿದರು. ನೀವೂ ಉಳಿಸಿಕೊಳ್ಳಿ. 'ಲೇಜಿ' ಹಾಗಲ್ಲ. ಅದು ಬ್ಲೂಸ್, ಅಲ್ಲಿ ಬೇಕಾದಷ್ಟು ಓಡಾಡಬಹುದು. ಆರ್ಗನ್ ನುಡಿಸುವವರ ಕಡೆ ಒಂದು ಕಿವಿ ಇರಲಿ.

ಬದಲಾವಣೆ ಮಾಡಿದವರೆಲ್ಲ ಗೆದ್ದರು ಅಂತಲೂ ಅಂದುಕೊಳ್ಳಬೇಡಿ. 1975ರಲ್ಲಿ ಬ್ಲ್ಯಾಕ್‌ಮೋರ್ ಮೊದಲ ಸಲ ಹೊರಟಾಗ ಬಂದವರು ಟಾಮಿ ಬೋಲಿನ್. ಸ್ಟುಡಿಯೊದಲ್ಲಿ ಅವರು ಹೊಸ ಹಾಡುಗಳಿಗೆ ಎಷ್ಟು ಚೆನ್ನಾಗಿ ನುಡಿಸಿದ್ದಾರೆ ಅನ್ನುವುದಕ್ಕೆ 'ಕಮ್ ಟೇಸ್ಟ್ ದ ಬ್ಯಾಂಡ್' ಸಾಕ್ಷಿ. ವೇದಿಕೆಯ ಮೇಲೆ ಹಳೆಯ ಹಾಡುಗಳು ಬಂದಾಗ ಜನ ಬ್ಲ್ಯಾಕ್‌ಮೋರ್ ಅವರನ್ನೇ ಕೇಳಲು ಬಂದಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬೋಲಿನ್ ಅವರ ಎಡಗೈ ಸರಿಯಾಗಿ ಆಡುತ್ತಿರಲಿಲ್ಲ, ಗಿಟಾರಿನ ಜಾಗವನ್ನು ಜಾನ್ ಲಾರ್ಡ್ ಆರ್ಗನ್ನಿನಿಂದ ತುಂಬಬೇಕಾಯಿತು. ಮಾದಕ ವಸ್ತುಗಳ ಸಹವಾಸ. ಮುಂದಿನ ಡಿಸೆಂಬರಿಗೆ ಅವರೇ ಇರಲಿಲ್ಲ, ವಯಸ್ಸು 25. ಅವರ ಸಂಗೀತದ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹೊಸಬರ ಕೈಯಲ್ಲಿ ಹಳೆಯ ಹಾಡಿಗೂ ಒಳ್ಳೆಯದಾಗುತ್ತದೆ. 'ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್' 1972ರ ಹಾಡು. ಬ್ಲ್ಯಾಕ್‌ಮೋರ್‌ಗೆ ಅದು ಹಿಡಿಸಲಿಲ್ಲ, ಹಾಗಾಗಿ ಅವರಿದ್ದಾಗ ವೇದಿಕೆ ಹತ್ತಲಿಲ್ಲ. ಅವರು ತಂಡ ಬಿಟ್ಟ ಮೇಲೆ ಅದು ಕಾರ್ಯಕ್ರಮದ ಭಾಗವಾಯಿತು, ಮೋರ್ಸ್ ಕಾಲದಲ್ಲೂ ಮುಂದುವರಿಯಿತು. ಇನ್ನೊಂದು ಮಾತು ನಿಮ್ಮ ಗೆಳೆಯರಿಗೆ ಹೇಳಿ. ಕಲ್ಪನಾ ಚಾವ್ಲಾ 2003ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಹೋಗುವಾಗ ಜೊತೆಗೆ ಒಯ್ದ ಸಿಡಿಗಳಲ್ಲಿ 'ಮೆಷೀನ್ ಹೆಡ್' ಇತ್ತು, ಮೋರ್ಸ್ ಸೇರಿದ ಮೇಲಿನ ಮೊದಲ ಆಲ್ಬಂ 'ಪರ್ಪೆಂಡಿಕ್ಯುಲರ್' ಕೂಡ ಇತ್ತು. ಎರಡನ್ನೂ ಪ್ರೀತಿಸಲು ಅವರಿಗೆ ತೊಂದರೆಯಾಗಲಿಲ್ಲ. ನೌಕೆಯ ದುರಂತದ ನಂತರ ಅದರ ಸಿಬ್ಬಂದಿಯ ನೆನಪಿಗೆ ಮೋರ್ಸ್ 'ಕಾಂಟ್ಯಾಕ್ಟ್ ಲಾಸ್ಟ್' ರಚಿಸಿದರು. ಗಿಟಾರ್ ಅಳುವುದು ಅಂದರೆ ಏನು ಅಂತ ಅದರಲ್ಲಿ ಕೇಳಿ.

ನಿಮ್ಮ ಮೊದಲ ಶೋಗೆ ನನ್ನ ಸಲಹೆ ಇಷ್ಟೇ. ರಿಫ್‌ಗಳು, 'ಹೈವೇ ಸ್ಟಾರ್' ಸೋಲೊ, ಹಾಡಿನ ಸಾಲುಗಳ ಮಧ್ಯೆ ಬರುವ ಚಿಕ್ಕ ಉತ್ತರಗಳು, ಇವು ರೆಕಾರ್ಡಿನ ಹಾಗೇ ಇರಲಿ. ಒಂದೇ ಒಂದು ಸೋಲೊವನ್ನು ನಿಮ್ಮದಾಗಿ ನುಡಿಸಿ. ಅದರಲ್ಲೂ ಜನರಿಗೆ ಬಾಯಲ್ಲಿ ಬರುವ ಒಂದು ಸಾಲನ್ನು ಮೊದಲಿಗೇ ಕೊಟ್ಟು, ಆಮೇಲೆ ಹೊರಗೆ ಹೋಗಿ. ಎಷ್ಟು ಸುತ್ತು, ಯಾವ ಸನ್ನೆಗೆ ವಾಪಸ್ ಅಂತ ಡ್ರಮ್ಸ್‌ನವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಒಂದೇ ಸಲಕ್ಕೆ ಐದು ಹಾಡು ಬದಲಾಯಿಸಲು ಹೋಗಬೇಡಿ.

ಪ್ರಶ್ನೆ: ಬ್ಲ್ಯಾಕ್‌ಮೋರ್ ಸೌಂಡ್ ಬರಲು ಯಾವ ಪೆಡಲ್ ಕೊಳ್ಳಬೇಕು? 'ಒರಿಜಿನಲ್ ಟೋನ್' ಪ್ರಿಸೆಟ್ ಅಂತ ಒಬ್ಬರು ಮಾರುತ್ತಿದ್ದಾರೆ. (ಮೈಸೂರಿನ ಓದುಗರು)

ಕೊಳ್ಳಬೇಡಿ. 'ಮೆಷೀನ್ ಹೆಡ್' ಧ್ವನಿಮುದ್ರಣ ಆಗಿದ್ದು ಸ್ವಿಟ್ಜರ್ಲೆಂಡಿನ ಮಾಂಟ್ರೂನಲ್ಲಿ, ಚಳಿಗಾಲಕ್ಕೆ ಮುಚ್ಚಿದ್ದ ಒಂದು ಹೋಟೆಲಿನಲ್ಲಿ. ನಿಮಗೆ ಇಷ್ಟವಾದ ಆ ಸದ್ದಿನಲ್ಲಿ ದೊಡ್ಡ ಪಾಲು ಜಾನ್ ಲಾರ್ಡ್ ಅವರದು. ಅವರು ಹ್ಯಾಮಂಡ್ ಆರ್ಗನ್ನನ್ನು ಮಾರ್ಷಲ್ ಆ್ಯಂಪ್‌ಗೆ ಸೇರಿಸಿ, ಅದೇ ರಿಫನ್ನು ಜೊತೆಗೆ ನುಡಿಸಿದ್ದಾರೆ. ಗಿಟಾರಿನ ಪೆಡಲ್ ಆರ್ಗನ್ ಕೊಡುತ್ತದಾ? ಅದೇ ದುಡ್ಡಲ್ಲಿ ಹೊಸ ತಂತಿ ಹಾಕಿಸಿ, ಒಬ್ಬ ಕೀಬೋರ್ಡ್ ಗೆಳೆಯನನ್ನು ಹುಡುಕಿ.

ಪ್ರಶ್ನೆ: ಬ್ಲ್ಯಾಕ್‌ಮೋರ್, ಮೋರ್ಸ್, ಮೋರ್ಸ್ ನಂತರ ಬಂದ ಸೈಮನ್ ಮೆಕ್‌ಬ್ರೈಡ್, ಇವರಲ್ಲಿ ನಂಬರ್ ಒನ್ ಯಾರು?

ಇದು ಓಟದ ಪಂದ್ಯ ಅಲ್ಲ. ಮುಂದಿನ ಪ್ರಶ್ನೆ.

ಪ್ರಶ್ನೆ: ವೇಗದ ಸೋಲೊ ಅಭ್ಯಾಸ ಮಾಡಿ ಮಣಿಕಟ್ಟು ನೋಯುತ್ತಿದೆ. ನೋವು ಬಂದರೆ ಕೈ ಪಳಗುತ್ತಿದೆ ಅಂತ ಅರ್ಥ ಅಂತಾರೆ ನಮ್ಮ ಸರ್. ಎಣ್ಣೆ ತಿಕ್ಕಿ ಮುಂದುವರಿಸಲಾ? (ಶಿವಮೊಗ್ಗದ ಓದುಗರು)

ಬೇಡ, ಇವತ್ತೇ ನಿಲ್ಲಿಸಿ. ತಂತಿ ಒತ್ತಿ ಬೆರಳತುದಿ ಉರಿಯುವುದು ಬೇರೆ, ಮಣಿಕಟ್ಟಿನ ಕೀಲು ನೋಯುವುದು ಬೇರೆ. ಎರಡನೆಯದನ್ನು ಪಳಗುವುದು ಅಂತ ಹೇಳುವವರು ಎಷ್ಟೇ ದೊಡ್ಡ ಮೇಷ್ಟ್ರಾದರೂ ಆ ಮಾತು ಕೇಳಬೇಡಿ. ಬೆರಳು ಚಾಚಿಸುವ ಸಾಧನ, ಮಣಿಕಟ್ಟಿಗೆ ಭಾರ ಕಟ್ಟಿಕೊಂಡು ಅಭ್ಯಾಸ, ಇವೆಲ್ಲ ಶುದ್ಧ ಮೋಸ. ಮೋರ್ಸ್ ಅವರಿಗೇ ಬಲಗೈ ಮಣಿಕಟ್ಟಿನಲ್ಲಿ ಸಂಧಿವಾತ ಕಾಣಿಸಿಕೊಂಡಿತು. ಅವರು ಹಲ್ಲು ಕಚ್ಚಿಕೊಂಡು ಹಳೆಯ ರೀತಿಯಲ್ಲೇ ನುಡಿಸಲಿಲ್ಲ, ಪಿಕ್ ಮಾಡುವ ವಿಧಾನವನ್ನೇ ಬದಲಿಸಿಕೊಂಡರು. ನೀವು ಮೂಳೆ ವೈದ್ಯರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ, ಅವರು ಸರಿ ಅನ್ನುವವರೆಗೆ ಗಿಟಾರ್ ಮುಟ್ಟಬೇಡಿ. ಆಮೇಲೂ ಮೊದಲ ವಾರ ಅರ್ಧ ವೇಗದಲ್ಲಿ, ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ.