ಪೌಲನಿಗೂ ತೀತನು ಬೇಕಾಗಿದ್ದನು

ಸಂಪಾದಕರ ಉತ್ತರ

(ದಾವಣಗೆರೆಯ ಸಹೋದರಿಯೊಬ್ಬರು ಬರೆದ ಪತ್ರದ ಸಾರ: ಪತಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದವರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದವು; ಮಾತೂ ನಿಂತಿತು. ಹೊರಳಿಸುವುದು, ಒರೆಸುವುದು, ಉಣಿಸುವುದು ಎಲ್ಲವೂ ಇವರೊಬ್ಬರ ಮೇಲೆಯೇ ಬಿದ್ದಿದೆ. ಒಂದು ರಾತ್ರಿ ಸಹನೆ ತಪ್ಪಿ ಪತಿಯ ಮೇಲೆ ಕೂಗಾಡಿದರು. ಅಂದಿನಿಂದ ಮೊಣಕಾಲೂರಿದರೂ ಪ್ರಾರ್ಥನೆ ಹೊರಡುತ್ತಿಲ್ಲ. “ಬಲಹೀನತೆಯಲ್ಲಿ ಬಲ ಎಂದು ನಿಮ್ಮ ಪತ್ರಿಕೆಯಲ್ಲಿ ಓದುತ್ತೇನೆ. ಆ ಬಲ ನನಗೇಕೆ ಬರಲಿಲ್ಲ? ಸಭೆಯಲ್ಲಿ ಕೆಲವರು ಹೇಳುವಂತೆ ನನ್ನ ನಂಬಿಕೆಯೇ ಸಾಲದೆ?” ಎಂದು ಕೇಳಿದ್ದಾರೆ.)

ಪ್ರಿಯ ಸಹೋದರಿ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ನಿಮ್ಮ ನಂಬಿಕೆ ಸಾಲದು ಎಂದವರು ತಪ್ಪು ಹೇಳಿದ್ದಾರೆ. ಹಾಸಿಗೆ ಹಿಡಿದವರ ಮನೆಗೆ ಬಂದು, ಕೊಟ್ಟ ಕಾಫಿ ಕುಡಿದು, ಅಂಥ ಮಾತೊಂದನ್ನು ಹೊಸ್ತಿಲೊಳಗೆ ಬಿಟ್ಟುಹೋಗುವುದು ಕ್ರೂರತನ. ಹೇಳಿದವರಿಗೆ ಹಾಗೆ ತೋರದಿರಬಹುದು, ಆದರೂ ಅದು ಕ್ರೂರತನವೇ. ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನು, ಶರೀರದಲ್ಲಿ ನಾಟಿದ ಶೂಲವೆಂದು ತಾನೇ ಕರೆದ ಬಾಧೆಯು ತೊಲಗಲೆಂದು ಮೂರು ಸಾರಿ ಬೇಡಿಕೊಂಡನು, ಅದು ತೊಲಗಲಿಲ್ಲ. ಪೌಲನ ನಂಬಿಕೆ ಸಾಲದಾಗಿತ್ತೆಂದು ಯಾವ ವೇದಿಕೆಯಿಂದಲೂ ಯಾರೂ ಬೋಧಿಸುವುದಿಲ್ಲ. ಅವನಿಗೆ ಹಿಡಿಯದ ಅಳತೆಗೋಲನ್ನು ಭಟ್ಟಿ ಕಾರ್ಮಿಕನ ಹೆಂಡತಿಗೆ ಏಕೆ ಹಿಡಿಯಬೇಕು?

“ನನ್ನ ಕೃಪೆಯೇ ನಿನಗೆ ಸಾಕು” ಎಂದು ಕರ್ತನು ಪೌಲನಿಗೆ ಕೊಟ್ಟ ಉತ್ತರವೂ, ನೀವು ಕೇಳಿದ ಬಲಹೀನತೆಯಲ್ಲಿ ಬಲದ ಮಾತೂ ಇರುವುದು ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ. ನಾವು ಆ ಒಂದು ವಚನವನ್ನು ಕ್ಯಾಲೆಂಡರಿನ ಮೇಲೆ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಅದಕ್ಕೆ ಮುಂಚಿನ ಹನ್ನೊಂದು ಅಧ್ಯಾಯಗಳನ್ನು ಓದುವುದು ಅಪರೂಪ. ಪತಿ ನಿದ್ದೆ ಹೋದಾಗ ನೀವು ಆ ಪತ್ರಿಕೆಯನ್ನು ಮೊದಲಿನಿಂದ ಓದಿ ನೋಡಿ. ಒಂದನೆಯ ಅಧ್ಯಾಯದಲ್ಲೇ ಪೌಲನು ಆಸ್ಯಸೀಮೆಯಲ್ಲಿ ತನಗೆ ಬಂದ ಸಂಕಟವನ್ನು ನೆನೆಯುತ್ತಾನೆ. ಅದು ತಮ್ಮ ಶಕ್ತಿಗೆ ಮೀರಿದ್ದಾಗಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎನ್ನುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಅವನು ತ್ರೋವ ಎಂಬ ಊರಿಗೆ ಬಂದಿದ್ದಾನೆ. ಅಲ್ಲಿ ಸುವಾರ್ತೆ ಸಾರಲು ಬಾಗಿಲು ತೆರೆದಿತ್ತು. ಆದರೆ ಗೆಳೆಯ ತೀತನು ಅಲ್ಲಿರಲಿಲ್ಲ. ಆ ಕಾರಣಕ್ಕೆ ಮನಸ್ಸಿಗೆ ನೆಮ್ಮದಿಯಿಲ್ಲದೆ ಮಕೆದೋನ್ಯ ಸೀಮೆಗೆ ಹೊರಟುಬಿಟ್ಟನು. ಅಪೊಸ್ತಲನೊಬ್ಬನು ತೆರೆದ ಬಾಗಿಲನ್ನು ಬಿಟ್ಟು ನಡೆದ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ, ಮುಚ್ಚಿಟ್ಟಿಲ್ಲ. ಕೊರಿಂಥದ ಸಭೆಗೆ ಅವನು ಕಣ್ಣೀರಿಡುತ್ತ ಒಂದು ಪತ್ರ ಬರೆದಿದ್ದನು. ಅದನ್ನು ಅವರು ಹೇಗೆ ತೆಗೆದುಕೊಂಡರೋ ಎಂಬ ಸುದ್ದಿಯನ್ನು ತೀತನೇ ತರಬೇಕಾಗಿತ್ತು.

ಏಳನೆಯ ಅಧ್ಯಾಯದಲ್ಲಿ ಮಕೆದೋನ್ಯ. ಅಲ್ಲಿಯೂ ದೇಹಕ್ಕೆ ವಿಶ್ರಾಂತಿಯಿಲ್ಲ. ಹೊರಗೆ ಜಗಳ, ಒಳಗೆ ಭಯ. ಆಗ ದೀನರನ್ನು ಸಂತೈಸುವ ದೇವರು ತಮ್ಮನ್ನು ಸಂತೈಸಿದನು ಎಂದು ಬರೆಯುತ್ತಾನೆ. ಹೇಗೆ? ತೀತನು ಬಂದು ಸೇರಿದ್ದರಿಂದ. ದರ್ಶನದಲ್ಲಿ ಮೂರನೆಯ ಆಕಾಶದವರೆಗೆ ಒಯ್ಯಲ್ಪಟ್ಟ ಈ ಪೌಲನಿಗೆ ದೇವರು ಇನ್ನೊಂದು ದರ್ಶನವನ್ನು ಕೊಡಬಹುದಾಗಿತ್ತು. ಕೊಟ್ಟದ್ದು ದಾರಿ ನಡೆದು ಬಂದ ಒಬ್ಬ ಗೆಳೆಯನನ್ನು. ಇದನ್ನು ಬರೆದ ಕೈಯೇ ಮುಂದೆ, ಅದೇ ಪತ್ರಿಕೆಯಲ್ಲಿ, ಶೂಲದ ಮಾತನ್ನೂ ಕೃಪೆಯ ಮಾತನ್ನೂ ಬರೆದಿದೆ. ಆದ್ದರಿಂದ ಆ ಬಲವು ಎದೆಯೊಳಗೆ ಉಕ್ಕಿಬರುವ ಒಂದು ಹುಮ್ಮಸ್ಸೆಂದು ನಾನು ತಿಳಿಯುವುದಿಲ್ಲ. ಎಷ್ಟೋ ಸಾರಿ ಅದು ಬಾಗಿಲು ತಟ್ಟಿ ಬರುತ್ತದೆ.

ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ಒಂದು ಸಾಲು ಇದೆ. ಹಿರಿಯೂರಿನಿಂದ ನಿಮ್ಮ ನಾದಿನಿ ವಾರವಿದ್ದು ಹೋಗುತ್ತೇನೆಂದು ಬಂದರು. ಅವರಿಗೇಕೆ ತೊಂದರೆ ಎಂದು ಮರುದಿನವೇ ಬಸ್ ಹತ್ತಿಸಿದಿರಿ. ಸಹೋದರಿ, ಅವರನ್ನು ಮತ್ತೆ ಕರೆಸಿಕೊಳ್ಳಿ. ಅಣ್ಣನ ಸೇವೆ ಮಾಡುವ ಹಕ್ಕು ಆ ತಂಗಿಗೂ ಇದೆ. ರೆಫೀದೀಮಿನಲ್ಲಿ ಇಸ್ರಾಯೇಲ್ಯರಿಗೆ ಅಮಾಲೇಕ್ಯರೊಂದಿಗೆ ಯುದ್ಧ ನಡೆದಾಗ, ಅವರ ನಾಯಕ ಮೋಶೆ ಕೈಯೆತ್ತಿರುವ ತನಕ ಅವರು ಗೆಲ್ಲುತ್ತಿದ್ದರು. ಆದರೆ ಆ ಕೈಗಳು ಸೋತು ಭಾರವಾದವು. ಆರೋನನೂ ಹೂರನೂ ಅವನಿಗೆ ಕೂರಲು ಒಂದು ಕಲ್ಲನ್ನು ತಂದಿಟ್ಟರು, ಆ ಕಡೆ ಈ ಕಡೆ ನಿಂತು ಸೂರ್ಯ ಮುಳುಗುವ ತನಕ ಕೈಗಳನ್ನು ಎತ್ತಿ ಹಿಡಿದರು. ಮೋಶೆ ಬೇಡವೆನ್ನಲಿಲ್ಲ.

ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನಿಗೂ ಸೊಂಟಕ್ಕೂ ಹುಣ್ಣಾಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ. ಭುಜದಡಿ ಒಂದು ಕೈ, ಸೊಂಟದಡಿ ಒಂದು ಕೈ ಕೊಟ್ಟು ತಮಗಿಂತ ಭಾರವಾದ ದೇಹವನ್ನು ಹೊರಳಿಸಿ, ಬೆನ್ನಿಗೆ ದಿಂಬು ಒತ್ತರಿಸಿ ಮಲಗುವಷ್ಟರಲ್ಲಿ ಮುಂದಿನ ಸರದಿ. ದಾವಣಗೆರೆ, ಚಿತ್ರದುರ್ಗದ ಸಭೆಗಳವರು ಇದನ್ನು ಓದುತ್ತಿದ್ದರೆ ನನ್ನ ಬಿನ್ನಹ ಇಷ್ಟು: ಇಂಥ ಮನೆಗೆ ಹೋಗುವಾಗ ಬುದ್ಧಿಮಾತು ಒಯ್ಯಬೇಡಿ. ವಾರಕ್ಕೆ ಒಂದು ರಾತ್ರಿಯ ಸರದಿ ಹೊರಿರಿ. ಸ್ತ್ರೀಯರ ಕೂಟದವರು ಅಡುಗೆ ಕಳಿಸಬಹುದು, ಯುವಕರು ಎತ್ತಿ ಕೂರಿಸಿ ಸ್ನಾನ ಮಾಡಿಸಬಹುದು. ಯಾವ ತೀತನೂ ಬಾರದ ಮನೆಗಳು ನಮ್ಮ ನಡುವೆ ಇವೆ. ಆ ದೋಷವನ್ನು ಆ ಮನೆಯವರ ನಂಬಿಕೆಯ ಮೇಲೆ ಹೊರಿಸುವುದು ಅನ್ಯಾಯ.

ಪ್ರಾರ್ಥನೆ ಹೊರಡದಿರುವುದಕ್ಕೆ ಹೆದರಬೇಡಿ. ಹೇಗೆ ಬೇಡಿಕೊಳ್ಳಬೇಕೋ ತಿಳಿಯದ ಬಲಹೀನರಿಗಾಗಿ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ಬೇಡಿಕೊಳ್ಳುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿದೆ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದೂ ದೇವರ ವಾಕ್ಯವೇ. ನೆರೆಯವರ ಮಾತು ಕೇಳಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ಚರ್ಚಿಗೆ ಹೋಗಿ, ಏನನ್ನೂ ಬೇಡಲಾಗದೆ ಸುಮ್ಮನೆ ಕುಳಿತು ಬಂದೆ ಎಂದು ಬರೆದಿದ್ದೀರಿ. ಹಾಗೆ ಕುಳಿತದ್ದನ್ನು ನಾನು ಪ್ರಾರ್ಥನೆಯೆಂದೇ ಎಣಿಸುತ್ತೇನೆ.

ಕೂಗಾಡಿದ ಆ ರಾತ್ರಿಯ ಬಗ್ಗೆ: ಲಕ್ವದಿಂದ ಮಾತು ಹೋದ ಎಷ್ಟೋ ಜನರಿಗೆ ಎದುರಿನವರ ಮಾತು ಅರ್ಥವಾಗುತ್ತಿರುತ್ತದೆ. ಅವರ ಪಕ್ಕದಲ್ಲಿ ಕುಳಿತು, ಕೈ ಹಿಡಿದು, ತಪ್ಪಾಯಿತೆಂದು ಹೇಳಿ. ದಣಿದಿದ್ದೇನೆ ಎಂಬುದನ್ನೂ ಹೇಳಿ. ದೇವರ ಕ್ಷಮೆಗೆ ನೀವು ಇನ್ನೂ ಕಾಯಬೇಕಾಗಿಲ್ಲ.

ನಿಮ್ಮ ಹೆಸರನ್ನೂ ವಿಳಾಸವನ್ನೂ ಅಚ್ಚು ಹಾಕಿಲ್ಲ. ನೀವು ಒಪ್ಪಿದರೆ ಮಾತ್ರ ನಿಮ್ಮ ಸಭಾಪಾಲಕರೊಂದಿಗೆ ನಾನೇ ಮಾತನಾಡಿ, ರಾತ್ರಿಯ ಸರದಿಗೆ ಯಾರು ಬರಬಹುದೆಂದು ಕೇಳುತ್ತೇನೆ. ಒಂದು ಕಾರ್ಡಿನಲ್ಲಿ “ಆಗಲಿ” ಎಂದು ಬರೆದು ಹಾಕಿ, ಅಷ್ಟು ಸಾಕು.

ಕ್ರಿಸ್ತನಲ್ಲಿ ನಿಮ್ಮ ಸಹೋದರ,
ಸಂಪಾದಕ